ನೋಡಿದ್ದೇನೆ

ವಿಜ್ಞಾನದ ಟೀಚರ್ ಬೆಳಿಗ್ಗೆ ಒಂಬತ್ತಕ್ಕೆ ಬೀಗ ತೆಗೆಯುವಾಗ ಮೆಟ್ಟಿಲ ಮೇಲೆ ಐದಾರು ಮಂದಿ ಕಾಯುತ್ತಿದ್ದರು. ಹಿಂದೆ ಆ ಮಹಡಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಯಂತ್ರಗಳನ್ನು ಬಿಗಿದಿದ್ದ ತೂತುಗಳು ಮೇಜುಗಳಲ್ಲಿ ಹಾಗೇ ಉಳಿದಿದ್ದವು. ಮಕ್ಕಳು ಅವುಗಳಲ್ಲಿ ಪೆನ್ಸಿಲ್ ನಿಲ್ಲಿಸುತ್ತಿದ್ದರು. ಈಗ ಅದು ಕಲಿಕಾ ಕೇಂದ್ರ. ಶಾಲೆಯನ್ನು ಬಿಟ್ಟವರು, ಶಾಲೆಯೇ ಕೈಬಿಟ್ಟವರು, ಎರಡು ವರ್ಷದ ಪಾಠವನ್ನು ಒಂದರಲ್ಲಿ ಮುಗಿಸಲು ಬಂದವರು, ಎಲ್ಲ ಸೇರಿ ಮೂವತ್ತೆಂಟು ಮಂದಿ. ಒಬ್ಬಳು ಬೆಳಕಿನ ಪಾಠದಲ್ಲಿದ್ದರೆ ಪಕ್ಕದವನು ಆಮ್ಲದಲ್ಲಿ, ಅದರಾಚೆಯವನು ಇನ್ನೂ ಅಳತೆಯಲ್ಲಿ. ಗೋಡೆಯ ಮೇಲೆ ‘ನಿನ್ನ ವೇಗವೇ ಸರಿಯಾದ ವೇಗ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದರ ಕೆಳಗೇ ಘಟಕಗಳನ್ನು ಮುಗಿಸಬೇಕಾದ ಕೊನೆಯ ದಿನಾಂಕಗಳ ಪಟ್ಟಿ ಅಂಟಿಸಿತ್ತು.

ಕಿಟಕಿಯ ಕಟ್ಟೆಯ ಮೇಲೆ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಗಳ ಸಾಲಿತ್ತು. ಬೀನ್ಸ್ ಬೀಜ ನೆಟ್ಟು ಹದಿನಾಲ್ಕು ದಿನ ಗಿಡದ ಎತ್ತರ ಅಳೆದು ಬರೆಯುವುದು ವಿಜ್ಞಾನದ ಒಂದು ಘಟಕ. ಹಾಳೆಯಲ್ಲಿ ದಿನಕ್ಕೊಂದು ಸಾಲು: ದಿನ, ಎತ್ತರ, ಕೊನೆಗೆ ‘ನೋಡಿದ್ದೇನೆ’ ಎಂಬ ತಲೆಬರಹದ ಕೆಳಗೆ ಟೀಚರ್ ಸಹಿ. ಕೆಲಸಕ್ಕೆ ಸೇರಿದ ವರ್ಷ ಅವರು ದಿನವೂ ಬಗ್ಗಿ ಸ್ಕೇಲು ನೋಡಿಯೇ ಸಹಿ ಹಾಕುತ್ತಿದ್ದರು. ಆಗ ಮಕ್ಕಳು ಹನ್ನೆರಡು. ಈಗ ಹಾಳೆ ಕೊಡುವ ದಿನವೇ ಮೇಲಿನಿಂದ ಕೆಳಗಿನವರೆಗೆ ಹದಿನಾಲ್ಕೂ ಸಹಿಗಳನ್ನು ಒಂದೇ ಉಸಿರಿಗೆ ಹಾಕಿಬಿಡುತ್ತಿದ್ದರು. ಇಲ್ಲದಿದ್ದರೆ ಪಾಠ ಹೇಳಲು ಹೊತ್ತೇ ಉಳಿಯುತ್ತಿರಲಿಲ್ಲ.

ಆ ಮಂಗಳವಾರ ಇಸ್ತ್ರಿ ಅಕ್ಕ ಐದು ದಿನದ ನಂತರ ಬಂದಳು. ಹತ್ತೊಂಬತ್ತು ವರ್ಷದ ಹುಡುಗಿ. ಮಧ್ಯಾಹ್ನದಿಂದ ರಾತ್ರಿಯವರೆಗೆ ಹೋಟೆಲುಗಳ ಹಾಸು ಹೊದಿಕೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಕೋಣೆಯಲ್ಲಿ ಎಲ್ಲರಿಗಿಂತ ದೊಡ್ಡವಳಾದ್ದರಿಂದ ಅಕ್ಕ. ಶುಕ್ರವಾರ ಸಂಜೆ ನಾಲ್ಕಕ್ಕೆ ಆಸ್ಪತ್ರೆ ಸಹಾಯಕಿಯರ ತರಬೇತಿಗೆ ಪಟ್ಟಿ ಹೋಗುವುದಿತ್ತು. ಅದರಲ್ಲಿ ಹೆಸರು ಬರಲು ಅವಳಿಗೆ ಬಾಕಿಯಿದ್ದದ್ದು ಈ ಗಿಡವೊಂದೇ.

ಅವಳು ಚೀಲವನ್ನೂ ಇಳಿಸದೆ ಕಟ್ಟೆಯ ಬಳಿ ಹೋಗಿ ಗಿಡ ಅಳೆದಳು. ಹನ್ನೊಂದನೇ ಸಾಲಿನಲ್ಲಿ ಹದಿನಾರು ಸೆಂಟಿಮೀಟರ್ ಎಂದು ಬರೆದಳು. ಆಮೇಲೆ ಹಾಳೆಯನ್ನು ಟೀಚರ ಮುಂದೆ ಹಿಡಿದಳು.

“ಮಿಸ್, ಆರರಿಂದ ಹತ್ತರವರೆಗೆ ಎಷ್ಟೆಷ್ಟಿತ್ತು ಅಂತ ಹೇಳಿದ್ರೆ ಬರ್ಕೋತೀನಿ.”

“ನನಗೇನು ಗೊತ್ತು? ನೀನಿರಲಿಲ್ಲವಲ್ಲ.”

“ನೀವು ನೋಡಿದ್ದೀರಲ್ಲ.” ಅವಳು ಬೆರಳಿಟ್ಟು ತೋರಿಸಿದಳು. ಆರು, ಏಳು, ಎಂಟು, ಒಂಬತ್ತು, ಹತ್ತು. ಐದೂ ಸಾಲಿನಲ್ಲಿ ನೀಲಿ ಸಹಿ ಇತ್ತು. “ನಾನಿಲ್ದೇ ಇದ್ರೂ ನೀವು ಅಳೆದಿಟ್ಟಿರ್ತೀರಿ ಅಂದ್ಕೊಂಡೆ. ಆಸ್ಪತ್ರೆಯಲ್ಲಿ ಕೂತಾಗ ಅದೊಂದು ಸಮಾಧಾನ ಇತ್ತು.”

ಹುಡುಗಿಯ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಗದರಿಸಿ ಪಾರಾಗಬಹುದಿತ್ತು.

“ನೀರು ಹಾಕ್ತಿದ್ದೆ,” ಅಂದರು ಟೀಚರ್. “ಅಳೀಲಿಲ್ಲ.”

ಪಕ್ಕದ ಮೇಜಿನಿಂದ ರೈಲು ತಲೆ ಎತ್ತಿದಳು. ಹದಿನೈದರ ಹುಡುಗಿ, ತಿಂಗಳಿಗೆ ಏಳೆಂಟು ಘಟಕ ಮುಗಿಸುತ್ತ ಯಾವ ನಿಲ್ದಾಣದಲ್ಲೂ ನಿಲ್ಲದವಳಾದ್ದರಿಂದ ಆ ಹೆಸರು. “ಐದನೇ ದಿನ ಎಷ್ಟಕ್ಕಾ?”

“ನಾಲ್ಕು.”

“ಇವತ್ತು ಹದಿನಾರು. ಹಾಗಾದ್ರೆ ಆರು, ಎಂಟು, ಹತ್ತು, ಹನ್ನೆರಡು, ಹದಿನಾಲ್ಕು. ಇದಕ್ಕೆ ಗಿಡ ಯಾಕೆ ಬೇಕು?”

“ಗಿಡಕ್ಕೆ ನಿನ್ನ ಲೆಕ್ಕ ಗೊತ್ತಿರುತ್ತೇನೆ?”

“ನನ್ನದು ಎರಡನೇ ವಾರ ಒಣಗಿಹೋಯ್ತು. ಹಾಳೇಲಿ ಇಪ್ಪತ್ತೆರಡು ಸೆಂಟಿಮೀಟರ್ ಬೆಳೀತು, ನೂರಕ್ಕೆ ತೊಂಬತ್ತಾರು ಅಂಕ ಬಂತು. ಸತ್ತ ಮೇಲೂ ನಿನ್ನದಕ್ಕಿಂತ ಚೆನ್ನಾಗಿ ಓದ್ತು ನೋಡು.”

ಸುತ್ತಲಿನವರು ನಕ್ಕರು. ಇಸ್ತ್ರಿ ಅಕ್ಕನೂ ನಕ್ಕಳು. ಟೀಚರ್ ರೈಲಿನ ಹಾಳೆಯನ್ನು ನೆನಪಿಸಿಕೊಳ್ಳಲು ನೋಡಿದರು. ಅದರಲ್ಲೂ ಹದಿನಾಲ್ಕು ಸಹಿಗಳಿದ್ದವು.

“ಅವಳು ಹೇಳಿದ ಹಾಗೆ ಬರೆದುಬಿಡು,” ಅಂದರು ತಗ್ಗಿದ ದನಿಯಲ್ಲಿ. “ಹೆಚ್ಚು ಕಡಿಮೆ ಅಷ್ಟೇ ಇರುತ್ತೆ.”

ಇಸ್ತ್ರಿ ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಲಾಂಡ್ರಿಯಲ್ಲೇ ಕೆಲಸ ಮಾಡುವ ಅವಳ ಅಮ್ಮನ ಬಲಗೈ ಹಾಸು ಒತ್ತುವ ಯಂತ್ರಕ್ಕೆ ಸಿಕ್ಕಿತ್ತು. ಅಷ್ಟು ಮಾತ್ರ ಟೀಚರಿಗೆ ಗೊತ್ತಿತ್ತು.

“ಅಮ್ಮನ ಮಂಚಕ್ಕೆ ಒಂದು ಚೀಟಿ ಕಟ್ಟಿದ್ರು ಮಿಸ್. ಎರಡು ಗಂಟೆಗೊಂದ್ಸಲ ಜ್ವರ ನೋಡಿ ಬರೀಬೇಕು. ಎರಡನೇ ರಾತ್ರಿ ನಾನು ಕಣ್ಣು ಮುಚ್ಚಿಲ್ಲ. ಹನ್ನೆರಡರಿಂದ ಬೆಳಗಾಗೋವರೆಗೆ ಯಾರೂ ಬರ್ಲಿಲ್ಲ. ಅಮ್ಮನ ಮೈ ಸುಡ್ತಿತ್ತು. ಬೆಳಿಗ್ಗೆ ನಾನು ಮುಖ ತೊಳ್ಕೊಂಡು ಬರೋದ್ರಲ್ಲಿ ಚೀಟಿ ತುಂಬಿತ್ತು. ನೂರು, ನೂರು, ತೊಂಬತ್ತೊಂಬತ್ತು. ಡಾಕ್ಟ್ರು ಬಂದು ಅದನ್ನ ನೋಡಿ, ಪರವಾಗಿಲ್ಲ ಅಂತ ಮುಂದಿನ ಮಂಚಕ್ಕೆ ಹೋದ್ರು. ನಾನು ಹೇಳ್ದೆ. ಚೀಟಿಯಲ್ಲಿ ಹಾಗಿಲ್ಲವಲ್ಲಮ್ಮ ಅಂದ್ರು.”

“ಈಗ ಹೇಗಿದ್ದಾರೆ?”

“ಇದ್ದಾಳೆ. ನಂಜು ಏರಿತ್ತು. ಕೈ ತೆಗೆದ್ರು.”

“ಆ ನರ್ಸನ್ನ ನಾಲ್ಕು ಮಾತು ಕೇಳ್ಬೇಕಿತ್ತು ನೀನು,” ಅಂದರು ಟೀಚರ್.

“ಕೇಳೋಕೆ ಹೋಗಿದ್ದೆ. ನಲವತ್ತು ಮಂಚಕ್ಕೆ ಅವಳೊಬ್ಬಳೇ ಮಿಸ್. ಪಾಪ, ನಿಮ್ಮ ಹಾಗೆ.”

ಆಮೇಲೆ ಅವಳು ಹನ್ನೊಂದನೇ ಸಾಲಿನ ಅಂಕಿಯ ಮೇಲೆಯೇ ಇನ್ನೊಮ್ಮೆ ತಿದ್ದಿ, ಮೇಲಿನ ಐದು ಸಾಲುಗಳನ್ನು ಹಾಗೇ ಬಿಟ್ಟು ಎದ್ದಳು.

ಶುಕ್ರವಾರ ಹದಿನಾಲ್ಕನೇ ಅಳತೆಯೂ ಮುಗಿದು, ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವ ಹೊತ್ತು ಬಂತು. ಖಾಲಿ ಬಿಟ್ಟರೆ ಯಂತ್ರ ಮುಂದೆ ಹೋಗಲಿಲ್ಲ. ಇಸ್ತ್ರಿ ಅಕ್ಕ ಐದೂ ಕಡೆ ‘ನೋಡಿಲ್ಲ’ ಎಂದು ಬರೆದಳು. ಅಂಕಿ ಮಾತ್ರ ಹಾಕಿ ಎಂದಿತು. ಯೋಚಿಸಿ ಸೊನ್ನೆ ಹಾಕಿದಳು. ಪರದೆಯ ಮೇಲೆ ರೇಖೆ ನಾಲ್ಕರವರೆಗೆ ಏರಿ, ನೆಲಕ್ಕೆ ಬಿದ್ದು, ಐದು ದಿನ ಅಲ್ಲೇ ಮಲಗಿ, ಎದ್ದು ಒಮ್ಮೆಲೇ ಹದಿನಾರಕ್ಕೆ ನೆಗೆಯಿತು. ಕೆಳಗೆ ಕೆಂಪಕ್ಷರ ಮೂಡಿತು: ಫಲಿತಾಂಶ ತಪ್ಪು, ಘಟಕವನ್ನು ಮೊದಲಿನಿಂದ ಆರಂಭಿಸಿ.

“ಸೊನ್ನೆ ಅಂದ್ರೆ ಗಿಡ ಇರ್ಲೇ ಇಲ್ಲ ಅಂತ ಆಗುತ್ತೆ,” ಅಂದಳು ಅವಳು. “ಇತ್ತಲ್ಲ. ನಾನು ನೋಡಿಲ್ಲ ಅಷ್ಟೇ.”

ಟೀಚರ್ ಆ ಪಾಠ ತಯಾರಿಸಿದವರ ಕಚೇರಿಗೆ ಫೋನ್ ಮಾಡಿದರು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ, ಕೊನೆಗೆ ಒಬ್ಬ ಹುಡುಗ ಸಿಕ್ಕಿ, ಆ ಚೌಕದಲ್ಲಿ ಅಂಕಿಯಲ್ಲದೆ ಬೇರೆಯದಕ್ಕೆ ಜಾಗವೇ ಇಟ್ಟಿಲ್ಲ ಮೇಡಂ ಎಂದು ವಿನಯದಿಂದ ಹೇಳಿದ. ಟೀಚರ್ ಹಾಳೆ ಹಿಡಿದು ಕೆಳಗಿನ ಕೋಣೆಗೆ, ಕೇಂದ್ರದ ಸಂಯೋಜಕರ ಬಳಿಗೆ ಹೋದರು.

ಸಂಯೋಜಕರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿಸಿಕೊಂಡರು.

“ಎಷ್ಟು ಜನ ಮುಗಿಸಿದ್ರು ಅಂತ ಮೇಲಿನವರು ಕೇಳ್ತಾರೆ ಟೀಚರ್. ಹೇಗೆ ಮುಗಿಸಿದ್ರು ಅಂತ ಇವತ್ತಿನವರೆಗೆ ಒಬ್ರೂ ಕೇಳಿಲ್ಲ. ಹೋದ ವರ್ಷ ಇಂಥವೇ ಎರಡು ಕೇಂದ್ರ ಮುಚ್ಚಿದ್ರು. ನಮ್ಮದೂ ಹೋದ್ರೆ ಈ ಮಕ್ಕಳನ್ನ ಯಾವ ಶಾಲೆ ಒಳಗೆ ಬಿಡುತ್ತೆ? ಐದು ಅಂಕಿ ಹಾಕಿ, ಮುಗಿಸಿ. ಅದು ಬೀನ್ಸ್ ಗಿಡ. ಜ್ವರದ ಚೀಟಿ ಅಲ್ಲ.”

“ಅವಳು ನಾಳೆ ಜ್ವರದ ಚೀಟಿ ಬರೆಯೋಳು, ಸರ್.”

ಸಂಯೋಜಕರು ಕನ್ನಡಕದ ಗಾಜು ಒರೆಸಿದರು. “ಬರೀಬೇಕಾದ್ರೂ ಮೊದಲು ಅವಳು ಅಲ್ಲಿಗೆ ಹೋಗ್ಬೇಕಲ್ಲ.”

ಟೀಚರ್ ಹಾಳೆ ಎತ್ತಿಕೊಂಡು ಹೊರಟರು.

ಅವರು ಮೇಲೆ ಬಂದಾಗ ಇಸ್ತ್ರಿ ಅಕ್ಕ ಲಾಂಡ್ರಿಗೆ ಹೊರಟು ನಿಂತಿದ್ದಳು. ಇನ್ನು ಅಮ್ಮನ ಪಾಳಿಯನ್ನೂ ಅವಳೇ ಮಾಡಬೇಕಿತ್ತು.

“ಮುಂದಿನ ಪಟ್ಟಿ ಹೋಗೋದು ಒಂದು ವರ್ಷ ಬಿಟ್ಟು,” ಟೀಚರ್ ಹೇಳಿದರು. “ನಿನ್ನ ಕೈಲಿ ಆಗದಿದ್ರೆ ಬೇಡ. ನಾನು ತುಂಬ್ತೀನಿ.”

“ನೀವೂ ನೋಡಿಲ್ವಲ್ಲ ಮಿಸ್.” ಅವಳು ಚಪ್ಪಲಿ ಹಾಕಿಕೊಳ್ಳುತ್ತ ಅಂದಳು: “ನನಗೂ ಹೋಗ್ಬೇಕು ಅಂತ ತುಂಬಾ ಇದೆ. ನೀವೇನು ಮಾಡ್ತೀರೋ ಮಾಡಿ. ನನ್ನನ್ನ ಮಾತ್ರ ಕೇಳ್ಬೇಡಿ.”

ಮೂರು ಗಂಟೆಗೆ ಕೋಣೆ ಖಾಲಿಯಾಯಿತು. ಟೀಚರ್ ಅವಳ ಪಾಠವನ್ನು ಪರದೆಯ ಮೇಲೆ ತೆರೆದು ಕೂತರು. ಆರು ಎಂದು ಒತ್ತಿದರು. ಎಂಟು ಎಂದು ಒತ್ತಿದರು. ಕಿಟಕಿಯಲ್ಲಿದ್ದ ಗಿಡ ಇಪ್ಪತ್ತೊಂದು ಸೆಂಟಿಮೀಟರ್ ಎತ್ತರ ನಿಂತಿತ್ತು. ಐದು ದಿನ ತಾವೇ ಅದಕ್ಕೆ ನೀರು ಹಾಕಿದ್ದರು. ಅದು ಎಷ್ಟಿತ್ತು ಎಂಬುದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಎಂಟನ್ನು ಅಳಿಸಿದರು. ಆರನ್ನೂ ಅಳಿಸಿದರು. ಮತ್ತೆ ಒತ್ತಿದರು. ಹಾಕುವುದು ಬೇಡವೆಂದು ಅವರು ನಿರ್ಧರಿಸಿದರೆಂದು ಹೇಳಲಾಗದು. ಕೈ ಏಳಲಿಲ್ಲ, ಅಷ್ಟೇ. ಬಹಳ ಹೊತ್ತಿನಿಂದ ಯಾವ ಕೆಲಸವೂ ನಡೆಯದ ಕಾರಣ ಪುಟವನ್ನು ಮುಚ್ಚಲಾಗಿದೆ ಎಂದು ಯಂತ್ರವೇ ಹೇಳಿದಾಗ ನಾಲ್ಕು ದಾಟಿ ಹತ್ತು ನಿಮಿಷವಾಗಿತ್ತು.

ಪಟ್ಟಿಯಲ್ಲಿ ಹನ್ನೊಂದು ಹೆಸರು ಹೋದವು. ಇಸ್ತ್ರಿ ಅಕ್ಕನದು ಇರಲಿಲ್ಲ.

ಮನೆಗೆ ಹೊರಡುವ ಮೊದಲು ಟೀಚರ್ ಇಸ್ತ್ರಿ ಅಕ್ಕನ ಹಾಳೆ ತೆಗೆದು, ಐದು ಸಹಿಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ನೋಡಿಲ್ಲ’ ಎಂದು ಬರೆದರು. ಬಾಗಿಲು ಹಾಕಲು ಬಂದ ಸಂಯೋಜಕರು ಬಗ್ಗಿ ನೋಡಿದರು.

“ಈಗ ಇದರಿಂದ ಯಾರಿಗೆ ಏನು ಉಪಯೋಗ?”

“ಗೊತ್ತಿಲ್ಲ ಸರ್.”

ಶನಿವಾರ ರೈಲು ಮುಂದಿನ ಘಟಕದ ಹೊಸ ಹಾಳೆ ತಂದು ಮುಂದಿಟ್ಟಳು. ಟೀಚರ್ ಪೆನ್ನು ಎತ್ತಿದವರು, ಮುಚ್ಚಳ ಹಾಕಿ ಕೆಳಗಿಟ್ಟರು.

“ಸಹಿ, ಮಿಸ್?”

“ದಿನಾ ತಗೊಂಡು ಬಾ. ಅವತ್ತಿಂದು ಅವತ್ತು ಹಾಕ್ತೀನಿ.”

“ದಿನಾನಾ? ಹಾಗಾದ್ರೆ ನನ್ನ ವೇಗದ ಗತಿ ಏನು?” ಅವಳು ಗೋಡೆಯ ಬರಹದತ್ತ ಕೈ ತೋರಿಸಿದಳು. ಟೀಚರ್ ಹಾಳೆಯನ್ನು ಅವಳತ್ತ ಸರಿಸಿದರು. ರೈಲು ಗೊಣಗುತ್ತ ಹೋಗಿ ಕೂತಳು.

ಹನ್ನೊಂದರ ಹೊತ್ತಿಗೆ ಇಸ್ತ್ರಿ ಅಕ್ಕ ಬಂದಳು. ಬರುತ್ತಾಳೆಂದು ಟೀಚರ್ ಅಂದುಕೊಂಡಿರಲಿಲ್ಲ. ಪಟ್ಟಿಯ ಮಾತನ್ನು ಅವಳು ಕೇಳಲಿಲ್ಲ. ಟೀಚರ ಮುಖ ನೋಡಿಯೇ ತಿಳಿದುಕೊಂಡಿರಬೇಕು. ತನ್ನ ಹಾಳೆಯನ್ನು ತೆಗೆದುಕೊಂಡು, ಗೆರೆ ಎಳೆದ ಐದು ಸಹಿಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಿಟಕಿಗೆ ಹೋಗಿ ಗಿಡದ ಪಕ್ಕ ಸ್ಕೇಲು ನಿಲ್ಲಿಸಿದಳು.

“ಹದಿನಾಲ್ಕು ದಿನ ಮುಗೀತಲ್ಲೇ,” ಅಂದರು ಟೀಚರ್.

“ಗಿಡ ಮುಗಿದಿಲ್ಲ ಮಿಸ್.”

ಹದಿನೈದನೇ ದಿನಕ್ಕೆ ಹಾಳೆಯಲ್ಲಿ ಸಾಲಿರಲಿಲ್ಲ. ಅವಳು ಕೆಳಗಿನ ಖಾಲಿ ಜಾಗದಲ್ಲಿ ಸ್ಕೇಲಿಟ್ಟು ಒಂದು ಸಾಲು ಎಳೆದು, ಇಪ್ಪತ್ತೆರಡೂವರೆ ಎಂದು ಬರೆದಳು. ಪೆನ್ನನ್ನು ಟೀಚರ ಕಡೆ ಚಾಚಿದಳು.

ಟೀಚರ್ ಪೆನ್ನು ತೆಗೆದುಕೊಳ್ಳಲಿಲ್ಲ. ಮೊದಲು ಕಟ್ಟೆಯ ಬಳಿ ಮಂಡಿಯೂರಿ, ಕಣ್ಣನ್ನು ಚಿಗುರಿನ ಮಟ್ಟಕ್ಕೆ ತಂದರು.

“ಸ್ಕೇಲು ನೆಟ್ಟಗೆ ಹಿಡಿ,” ಅಂದರು.