ಹನ್ನೊಂದು ಸಲ ಸೋರಿತು

ಕ್ಯಾನ್ಸರ್ ಮದ್ದು ನರದಿಂದ ಹೊರಗೆ ಸೋರಿ ಚಿಕ್ಕಮ್ಮನ ಮುಂಗೈ ಸುಟ್ಟು ಕರ್ರಗಾಗಿದ್ದನ್ನು ಹುಡುಗಿ ಕಣ್ಣಾರೆ ಕಂಡಿದ್ದಳು. ವಾಂತಿಯ ಬೋಗುಣಿ ತೊಳೆಯುವವಳೂ ಅವಳೇ. ಗೆಡ್ಡೆಗೆ ಹೋಗಬೇಕಾದ ಮದ್ದು ಮೈಯನ್ನೆಲ್ಲ ಯಾಕೆ ಸುಡಬೇಕು? ಹತ್ತನೇ ತರಗತಿಯ ಅವಳಿಗೆ ಆ ಪ್ರಶ್ನೆ ಗಂಟುಬಿತ್ತು.

ಗೆಡ್ಡೆಯ ಸುತ್ತ ತುಸು ಹುಳಿ ಇರುತ್ತದೆಂದು ಓದಿದಳು. ಸಿಗಡಿ ಚಿಪ್ಪಿನಿಂದ ತೆಗೆದ ಪುಡಿಯನ್ನು ವಿನೆಗರಿನಲ್ಲಿ ಕರಗಿಸಿ, ಮದ್ದಿನ ಬದಲು ನೀಲಿ ಬಣ್ಣ ಬೆರೆಸಿ, ಸಿರಿಂಜಿನಿಂದ ಸೋಡಾ ನೀರಿಗೆ ಹನಿಹನಿಯಾಗಿ ಬಿಟ್ಟು ಸಾಸಿವೆಯಷ್ಟು ಗುಳಿಗೆ ಮಾಡಿದಳು. ಹುಳಿನೀರಿನಲ್ಲಿ ಮಾತ್ರ ಅದು ಬಣ್ಣ ಬಿಡಬೇಕು. ಶಾಲೆಯ ಲ್ಯಾಬೆಲ್ಲ ಕೊಳೆತ ಮೀನಿನ ನಾತ. ಇಪ್ಪತ್ತು ಸಲ ಮಾಡಿದಳು. ಹನ್ನೊಂದು ಸಲ ಸಾದಾ ನೀರಿನಲ್ಲೂ ನೀಲಿ ಸೋರಿತು.

"ಪಟ್ಟಿಯಲ್ಲಿ ಎರಡು ಅಂತ ಹಾಕೋಣಮ್ಮ, ಯಾರು ಎಣಿಸ್ತಾರೆ?" ಎಂದರು ವಿಜ್ಞಾನದ ಮೇಷ್ಟ್ರು.

"ಬೇಡ ಸರ್." ಅವರು ಹೂಂಗುಟ್ಟಿದರು.

ವಿಜ್ಞಾನ ಪ್ರದರ್ಶನದ ದಿನ ಬಂದು ನೋಡಿದರೆ ಮೇಜಿನ ಮೇಲೆ ಮಾರುದ್ದದ ಬ್ಯಾನರ್: 'ಕ್ಯಾನ್ಸರ್ ಗೆದ್ದ ನಮ್ಮ ವಿದ್ಯಾರ್ಥಿನಿ'. ಪಟ್ಟಿಯಲ್ಲಿ 'ಸೋರಿದ್ದು: ಎರಡು'. ಪಕ್ಕದ ಕುರ್ಚಿಯಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿದ ಚಿಕ್ಕಮ್ಮ. ಶಾಲೆಯವರೇ ಫೋನ್ ಮಾಡಿ ಕರೆಸಿದ್ದರಂತೆ.

"ಸ್ಕಾರ್ಫ್ ಸ್ವಲ್ಪ ತೆಗೀರಮ್ಮ," ಮುಖ್ಯೋಪಾಧ್ಯಾಯಿನಿ ನಗುನಗುತ್ತಾ ಹೇಳಿದರು. "ಫೋಟೋದಲ್ಲಿ ಕಾಯಿಲೆ ಕಾಣ್ಬೇಕಲ್ಲ."

ಚಿಕ್ಕಮ್ಮನ ಬೆರಳು ಸ್ಕಾರ್ಫಿನ ಗಂಟಿನತ್ತ ಹೋಯಿತು. ಬೋಗುಣಿ ತೊಳೆಯುವಾಗಲೂ ಹುಡುಗಿಗೆ ಇಷ್ಟು ಹೇಸಿಗೆಯಾಗಿರಲಿಲ್ಲ. ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. ಮಾರ್ಕರ್ ತೆಗೆದು 'ಎರಡು' ಹೊಡೆದುಹಾಕಿ, ದಪ್ಪಕ್ಷರದಲ್ಲಿ 'ಹನ್ನೊಂದು' ಎಂದು ಬರೆದಳು. ಅಷ್ಟರಲ್ಲಿ ತೀರ್ಪುಗಾರರು ಬಂದರು.

"ಇದು ಸೋರುತ್ತೆ ಸರ್. ಇನ್ನೂ ಏನೂ ಗೆದ್ದಿಲ್ಲ."

"ಗಾಬರಿ ಸರ್, ಮಕ್ಕಳಲ್ವಾ," ಮೇಷ್ಟ್ರು ಹಲ್ಲುಗಿಂಜಿದರು. ಯಾಕೆ ಸೋರಿತೆಂದು ಒಬ್ಬರಾದರೂ ಕೇಳಬೇಕಲ್ಲ! ತೀರ್ಪುಗಾರರು ಮೂಗು ಮುಚ್ಚಿಕೊಂಡು ಮುಂದಿನ ಮೇಜಿಗೆ ಹೋದರು, ಅಲ್ಲಿ ಮಿಣಮಿಣ ದೀಪ ಹಾಕಿದ ರಾಕೆಟ್ ಇತ್ತು. ಬಹುಮಾನವೂ ಅದಕ್ಕೇ.

ಸೋಮವಾರ ಅದೇ ಬ್ಯಾನರ್ ಶಾಲೆಯ ಗೇಟಿನಲ್ಲಿ ತೂಗುತ್ತಿತ್ತು. ಅದರಡಿ ನಿಂತು ಮೇಷ್ಟ್ರು ಅವಳ ಬೆನ್ನು ತಟ್ಟಲು ಬಂದರು. ಹಾವು ತುಳಿದವಳಂತೆ ಹಿಂದೆ ಸರಿದಳು. ಸೀದಾ ಲ್ಯಾಬಿಗೆ ಹೋಗಿ ತನ್ನ ಬಾಟಲಿ, ಸಿರಿಂಜು, ನೋಟ್‌ಬುಕ್ಕು ಚೀಲಕ್ಕೆ ತುಂಬಿಕೊಂಡಳು.

ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಹೊಸ ಗುಳಿಗೆ ಹನಿಸತೊಡಗಿದಳು.

"ಥೂ, ಏನೇ ಈ ನಾತ! ಇದನ್ನ ನನ್ನ ಮೈಗೆ ಬಿಡ್ತೀಯಾ?" ಚಿಕ್ಕಮ್ಮ ಸೆರಗಿನಿಂದ ಮೂಗು ಮುಚ್ಚಿದಳು.

"ನಿನ್ನ ಕಾಲಕ್ಕೆ ಆಗಲ್ಲ ಚಿಕ್ಕಮ್ಮಾ," ಎಂದುಬಿಟ್ಟಳು ಹುಡುಗಿ.

ಚಿಕ್ಕಮ್ಮ ಕುರ್ಚಿ ಹತ್ತಿರಕ್ಕೆಳೆದುಕೊಂಡಳು. "ಗೊತ್ತು ಕಣೇ. ಎಷ್ಟು ಹನಿ ಎಣಿಸ್ಬೇಕು, ಹೇಳು."