ದಂಡದ ಡಬ್ಬಿ

ಬಟ್ಟೆ ಫ್ಯಾಕ್ಟರಿಯ ಗೇಟು ಮುಚ್ಚಿದ ಮೇಲೆ ಹೋದವರಿಗೆ ಅರ್ಧ ದಿನದ ಕೂಲಿ ಕಡಿತ. ಅವರನ್ನು ಕರೆದೊಯ್ಯುವ ವ್ಯಾನು ವೇಗದ ಮಿತಿ ಮೀರಿ ಓಡಿ ಕ್ಯಾಮೆರಾಕ್ಕೆ ಸಿಕ್ಕಿಬಿದ್ದರೆ ಕಟ್ಟಬೇಕಾದ ದಂಡ ಎರಡು ದಿನದ ಕೂಲಿ. ಆದರೆ ವ್ಯಾನಿನಲ್ಲಿ ಹೋಗುವವರು ಹನ್ನೊಂದು ಜನ ಹೆಂಗಸರು. ಎಲ್ಲರೂ ತಡವಾದರೆ ಒಟ್ಟು ಐದೂವರೆ ದಿನದ ಕೂಲಿ ಹೋಯಿತು. ಎಲ್ಲರೂ ಸೇರಿ ದಂಡ ಕಟ್ಟಿದರೆ ಹೋಗುವುದು ಎರಡೇ ದಿನದ್ದು. ಅಂದರೆ ತಡವಾಗಿ ಹೋಗುವುದಕ್ಕಿಂತ ಜೋರಾಗಿ ಹೋಗುವುದೇ ಅಗ್ಗ.

ಈ ಲೆಕ್ಕ ಹಾಕಿದವಳು ಗುಂಡಿಯಮ್ಮ. ಅಂಗಿಗೆ ಗುಂಡಿ ಹಚ್ಚುವ ಮೇಜಿನಲ್ಲೇ ತಲೆ ನರೆತವಳಾದ್ದರಿಂದ ಆ ಹೆಸರು. ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊರೆದು, ಅದನ್ನು ಡ್ರೈವರಳ ಸೀಟಿನ ಹಿಂದೆ ತಂತಿಯಿಂದ ಬಿಗಿದವಳೂ ಅವಳೇ. ಕೂಲಿ ಕೈಗೆ ಬಂದ ದಿನ ಒಬ್ಬೊಬ್ಬರೂ ಅದರಲ್ಲಿ ಒಂದಿಷ್ಟು ಹಾಕುತ್ತಿದ್ದರು. ದಂಡದ ಚೀಟಿ ಬಂದಾಗ ಡ್ರೈವರಳು ಡಬ್ಬಿ ಬಿಚ್ಚಿ ಕಟ್ಟುತ್ತಿದ್ದಳು. ಯಾರಿಗೂ ಭಾರವಾಗುತ್ತಿರಲಿಲ್ಲ. ಕ್ಯಾಮೆರಾ ಇರುವ ಮೇಲ್ಸೇತುವೆ ಬಂದಾಗ ಹಿಂದಿನ ಸೀಟಿನವರು ತಲೆ ಬಾಚಿಕೊಳ್ಳುತ್ತಿದ್ದರು. "ಫೋಟೋ ಚೆನ್ನಾಗಿ ಬರಲಿ ಬಿಡು, ದುಡ್ಡು ಕೊಟ್ಟಿದ್ದೀವಿ" ಎಂದು ನಗುತ್ತಿದ್ದರು.

ಮೊದಮೊದಲು ಡ್ರೈವರಳಿಗೆ ಇದು ಸರಿಬಂದಿರಲಿಲ್ಲ. ಅವಳು ಅದಕ್ಕೆ ಮುಂಚೆ ವರ್ಷಗಟ್ಟಲೆ ಬೇಕರಿಯ ಗಾಡಿ ಓಡಿಸಿದವಳು. ಬಿಸಿ ಬ್ರೆಡ್ಡು ಒಂದು ಕುಲುಕಿಗೆ ಒಂದರ ಮೇಲೊಂದು ಕೂತು ಚಪ್ಪಟೆಯಾಗುತ್ತದೆ. ಹಾಗಾಗಿ ಅವಳ ಕಾಲು ಬ್ರೇಕಿನ ಮೇಲೆ ಹೂವಿನ ಹಾಗೆ ಕೂರುತ್ತಿತ್ತು. ಆ ಅಭ್ಯಾಸದಿಂದಲೇ ವ್ಯಾನನ್ನೂ ಓಡಿಸಲು ಹೋದಾಗ ಹೆಂಗಸರು ಸುಮ್ಮನಿರಲಿಲ್ಲ.

"ನಾವೇನು ಬ್ರೆಡ್ಡಾ, ನಜ್ಜಾಗೋಕೆ? ಒತ್ತಮ್ಮ ತಾಯಿ."

ಒತ್ತಿದಳು. ಮನೆಯಲ್ಲಿ ಒಂದು ಕಾರಣವೂ ಇತ್ತು. ಅವಳ ತಂಗಿಗೆ ಅದೇ ಫ್ಯಾಕ್ಟರಿಯಲ್ಲಿ ಇಸ್ತ್ರಿ ಮೇಜಿನ ಕೆಲಸ. ಇಸ್ತ್ರಿಯವರಿಗೆ ಉಳಿದವರಿಗಿಂತ ಹೆಚ್ಚು ಕೂಲಿ. ಭಾರದ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ, ಕಾಲರಿನ ಮೂಲೆ ಸುಡದಂತೆ ತಿರುಗಿಸುವ ಕೈ ಎಲ್ಲರಿಗೂ ಬರುವುದಿಲ್ಲ. ಅಕ್ಕತಂಗಿಯರಿಬ್ಬರ ಮನೆ ಬಾಡಿಗೆ, ಅಮ್ಮನ ಔಷಧಿ ಎರಡೂ ಆ ಕೈಯಿಂದಲೇ ನಡೆಯುತ್ತಿದ್ದವು. ವ್ಯಾನಿನ ಗಳಿಕೆ ವ್ಯಾನಿನ ಸಾಲಕ್ಕೇ ಸರಿಹೋಗುತ್ತಿತ್ತು.

ತಂಗಿಗೆ ವ್ಯಾನಿನಲ್ಲಿ ಇನ್ನೊಂದು ಕೆಲಸವೂ ಇತ್ತು. ಎಲ್ಲರಿಗಿಂತ ಚಿಕ್ಕವಳು, ಓಟದಲ್ಲಿ ಚುರುಕು. ಫ್ಯಾಕ್ಟರಿಯ ಬೀದಿಗೆ ತಿರುಗುವ ಮೊದಲೇ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದಳು. ವ್ಯಾನು ನಿಲ್ಲುತ್ತಲೇ ಹಾರಿ, ಓಡಿ, ಮುಚ್ಚುತ್ತಿರುವ ಗೇಟಿನ ಸಂದಿಗೆ ಕಾಲಿಟ್ಟು ಕಾವಲುಗಾರನ ಹತ್ತಿರ ಮಾತಿಗಿಳಿಯುತ್ತಿದ್ದಳು. "ಅಣ್ಣಾ, ಹೆಂಡತಿ ಹೇಗಿದ್ದಾಳೆ? ಮಗು ಹೇಗಿದೆ? ಹಲ್ಲು ಬಂತಾ?" ಅವನು ಉತ್ತರ ಹೇಳುವಷ್ಟರಲ್ಲಿ ಹತ್ತು ಜನ ಅವಳ ಬೆನ್ನ ಹಿಂದಿನಿಂದ ಒಳಗೆ ನುಗ್ಗಿರುತ್ತಿದ್ದರು. ಆ ಮಗುವಿಗೆ ಹಲ್ಲು ಬರುವುದು ವರ್ಷಪೂರ್ತಿ ನಡೆದಿತ್ತು.

ಆದರೆ ಈಚೆಗೆ ಆ ಕಾವಲುಗಾರ ಬದಲಾಗಿದ್ದ. ಹೊಸಬನಿಗೆ ಹೆಂಡತಿಯೂ ಇರಲಿಲ್ಲ, ಮಾತೂ ಇರಲಿಲ್ಲ. ಉಳಿದವರನ್ನು ಒಳಗೆ ಬಿಟ್ಟು ಕೊನೆಗೆ ಹೋಗುವವಳಾದ್ದರಿಂದ ಆ ತಿಂಗಳಲ್ಲಿ ತಂಗಿಯ ಕಾರ್ಡಿನ ಮೇಲೆ ತಡದ ಗುರುತು ಎರಡು ಸಲ ಬಿದ್ದಿತ್ತು. ಮೂರನೆಯದು ಬಿದ್ದರೆ ಕೆಲಸದಿಂದ ತೆಗೆಯುತ್ತಾರೆ. ಇದು ಅಕ್ಕನಿಗೂ ಗೊತ್ತಿತ್ತು, ವ್ಯಾನಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಮಂಜು ಕವಿಯಿತು.

ಮಂಜೆಂದರೆ ಎದುರು ಮನೆಯ ಗೋಡೆಯೂ ಕಾಣದಂಥ ಮಂಜು. ದರ್ಜಿಯೊಬ್ಬಳು ನಿಂತಿರುವ ಕಂಬ ಕಾಣದೆ ವ್ಯಾನು ಮುಂದೆ ಹೋಗಿ, ಅವಳು ಕೂಗುತ್ತಾ ಹಿಂದೆ ಓಡಿಬಂದು ಹತ್ತುವಷ್ಟರಲ್ಲಿ ಹೊತ್ತಾಯಿತು. ಡ್ರೈವರಳು ಕಿಟಕಿಯ ಗಾಜು ಇಳಿಸಿ, ಕತ್ತು ಹೊರಗೆ ಹಾಕಿ, ಸೈಕಲ್ಲಿನವರ ಜೊತೆಗೆ ಹೋಗುವ ಹಾಗೆ ಹೋಗುತ್ತಿದ್ದಳು.

"ಹೀಗೇ ಹೋದ್ರೆ ಮಧ್ಯಾಹ್ನದ ಪಾಳಿಗೆ ಸರಿಯಾಗಿ ಮುಟ್ತೀವಿ" ಎಂದಳು ದರ್ಜಿ.

"ನಿನ್ನಿಂದಾನೇ ತಡ ಆಗಿದ್ದು. ಬಾಯಿ ಮುಚ್ಚಿಕೊಂಡು ಕೂತ್ಕೋ" ಎಂದಳು ಗುಂಡಿಯಮ್ಮ. ಆಮೇಲೆ ಮುಂದಕ್ಕೆ ಬಾಗಿ ದನಿ ತಗ್ಗಿಸಿದಳು. "ಅಲ್ವೇ ಮಗಳೇ, ಸ್ವಲ್ಪ ನೋಡು. ನಮ್ಮದಾದ್ರೆ ಅರ್ಧ ದಿನ ಹೋಗುತ್ತೆ ಅಷ್ಟೆ. ನಿನ್ನ ತಂಗಿದು ಹಾಗಲ್ಲ."

"ಏನೂ ಕಾಣ್ತಿಲ್ಲ ಗುಂಡಿಯಮ್ಮ."

"ಕಾಣ್ದಿದ್ರೆ ಕ್ಯಾಮೆರಾಕ್ಕೂ ಕಾಣಲ್ಲ" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. ಅವಳು ಆಗಲೇ ಎದ್ದು ಬಾಗಿಲ ಕಂಬಿ ಹಿಡಿದು ನಿಂತಿದ್ದಳು.

"ಕೂತ್ಕೊಳ್ಳೇ. ಫ್ಯಾಕ್ಟರಿ ಇನ್ನೂ ದೂರ ಇದೆ."

"ಕೂತ್ರೆ ನೀನು ಇನ್ನೂ ನಿಧಾನ ಮಾಡ್ತೀಯ. ಅಕ್ಕಾ, ಇವತ್ತು ಗೇಟು ಮುಚ್ಚಿದ್ರೆ ನಾಳೆಯಿಂದ ನನ್ನನ್ನ ಎಬ್ಬಿಸೋ ಕಷ್ಟ ನಿನಗಿರಲ್ಲ. ಅಮ್ಮನಿಗೆ ನೀನೇ ಹೇಳ್ಕೋ."

ಡ್ರೈವರಳು ಕಿಟಕಿ ಏರಿಸಿದಳು. ದೊಡ್ಡ ರಸ್ತೆಗೆ ಬಂದಾಗ ಕಾಲು ತಾನಾಗಿ ಒತ್ತಿತು. ವೇಗದ ಮುಳ್ಳು ಏರಿತು. ಆ ರಸ್ತೆಯ ಬೋರ್ಡಿನಲ್ಲಿ ಅರವತ್ತು ಎಂದು ಬರೆದಿತ್ತು. ಮುಳ್ಳು ಐವತ್ತರ ಹತ್ತಿರ ನಿಂತಿತ್ತು. ಇವತ್ತು ದಂಡವಿಲ್ಲ, ಡಬ್ಬಿಗೆ ಕೈ ಹಾಕಬೇಕಾಗಿಲ್ಲ ಎಂದು ಅವಳು ಅಂದುಕೊಂಡಳು. ಇಷ್ಟು ದಿನ ವೇಗವೆಂದರೆ ಅವಳಿಗೆ ಚೀಟಿಯಲ್ಲಿ ಬರುವ ಸಂಗತಿಯಾಗಿತ್ತು. ಚೀಟಿ ಬಾರದ ವೇಗ ಸರಿಯಾದ ವೇಗ. ಮುಂದೆ ಎಷ್ಟು ದೂರ ಕಾಣುತ್ತಿದೆ, ಅಷ್ಟರೊಳಗೆ ಗಾಡಿ ನಿಂತೀತೇ ಎಂದು ಬೇಕರಿಯ ಕಾಲದಲ್ಲಿ ಪ್ರತಿ ತಿರುವಿನಲ್ಲೂ ಕೇಳಿಕೊಳ್ಳುತ್ತಿದ್ದವಳು ಅದನ್ನು ಕೇಳಿಕೊಳ್ಳುವುದನ್ನೇ ಬಿಟ್ಟಿದ್ದಳು.

ಕಸದ ಲಾರಿ ರಸ್ತೆಯ ಅಂಚಿನಲ್ಲಿ ನಿಂತಿತ್ತು. ಅದರ ಕೆಂಪು ದೀಪಗಳು ಉರಿಯುತ್ತಲೇ ಇದ್ದವು. ಅವು ಕಂಡಾಗ ಲಾರಿಯೂ ಕಂಡಿತು, ಕಸದ ಡಬ್ಬ ಎತ್ತುತ್ತಿದ್ದ ಆಳೂ ಕಂಡ. ಅವಳು ಬ್ರೇಕು ತುಳಿದು ಎಡಕ್ಕೆ ಎಳೆದಳು. ಒದ್ದೆ ರಸ್ತೆಯ ಮೇಲೆ ವ್ಯಾನು ಅಡ್ಡಡ್ಡಲಾಗಿ ಜಾರಿ, ಕಾಲುದಾರಿಯ ಕಲ್ಲಿಗೆ ಬಡಿದು ನಿಂತಿತು. ಆಳು ಡಬ್ಬ ಬಿಟ್ಟು ಗೋಡೆಗೆ ಒರಗಿದ. ಅವನಿಗೆ ಏನೂ ಆಗಲಿಲ್ಲ. ಕೂತವರಿಗೆ ಮಂಡಿ ತರಚಿತು, ಒಬ್ಬಳ ತುಟಿ ಒಡೆಯಿತು. ದಂಡದ ಡಬ್ಬಿ ತಂತಿ ಕಿತ್ತುಕೊಂಡು ಬಿದ್ದು ನಾಣ್ಯಗಳು ಸೀಟಿನ ಕೆಳಗೆಲ್ಲ ಉರುಳಿದವು.

ನಿಂತಿದ್ದವಳು ಒಬ್ಬಳೇ. ಬಾಗಿಲ ಕಂಬಿಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಮೈ ಮುಂದಕ್ಕೆ ಹೋಯಿತು, ಕೈ ಅಲ್ಲೇ ಉಳಿಯಿತು. ತಂಗಿ ಮೆಟ್ಟಿಲ ಮೇಲೆ ಕುಸಿದು ಕೂತು, ಬೇರೆ ಯಾರದೋ ಸಾಮಾನು ನೋಡುವ ಹಾಗೆ ತನ್ನ ಮಣಿಕಟ್ಟು ನೋಡುತ್ತಿದ್ದಳು.

"ಅಕ್ಕಾ, ಇದು ಹೀಗೆ ತಿರುಗಬಾರದು ಅಲ್ವಾ?" ಎಂದಳು.

ಆಸ್ಪತ್ರೆಯ ಮೂಳೆ ವೈದ್ಯರು ಎಕ್ಸ್‌ರೇ ಚಿತ್ರವನ್ನು ದೀಪಕ್ಕೆ ಹಿಡಿದು ಎರಡು ಕಡೆ ಮುರಿದಿದೆ ಎಂದರು. ಕೂಡುತ್ತದೆ, ಆದರೆ ಮೊದಲಿನ ಹಾಗೆ ಭಾರ ಎತ್ತಲಾಗದು ಎಂದರು. ಏನು ಕೆಲಸ ಎಂದು ಕೇಳಿದರು. ತಂಗಿ ಹೇಳಿದಳು. ಅವರು ಚಿತ್ರವನ್ನು ಲಕೋಟೆಗೆ ಹಾಕಿಕೊಟ್ಟರು.

ಅಕ್ಕತಂಗಿಯರು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಗುಂಡಿಯಮ್ಮ ಬಂದಳು. ಉಳಿದವರೊಂದಿಗೆ ನಡೆದುಕೊಂಡೇ ಫ್ಯಾಕ್ಟರಿಗೆ ಹೋಗಿ, ರಜೆ ಹೇಳಿ ಬಂದಿದ್ದಳು. ಸೆರಗಿನ ಗಂಟಿನಲ್ಲಿ ಡಬ್ಬಿಯ ಕಾಸೆಲ್ಲ ಇತ್ತು. ಆ ಗಂಟನ್ನು ಡ್ರೈವರಳ ಮಡಿಲಲ್ಲಿಟ್ಟು, ಪಕ್ಕದಲ್ಲಿ ಕೂತಳು.

"ಗೇಟು ಮುಚ್ಚಿತ್ತಾ?" ಎಂದು ಕೇಳಿದಳು ತಂಗಿ.

ಗುಂಡಿಯಮ್ಮ ಸೆರಗು ಸರಿಮಾಡಿಕೊಂಡಳು.

"ಹೇಳಿ ಗುಂಡಿಯಮ್ಮ."

"ತೆಗೆದೇ ಇತ್ತು ಕಣೆ. ಸಾಹೇಬರ ಕಾರೇ ಮಂಜಲ್ಲಿ ಸಿಕ್ಕಿಹಾಕಿಕೊಂಡಿತ್ತಂತೆ. ಇವತ್ತು ಯಾರಿಗೂ ಗುರುತು ಹಾಕಬೇಡಿ ಅಂದಿದ್ರಂತೆ."

ತಂಗಿ ನಗಲು ಹೋದಳು, ಆಗಲಿಲ್ಲ. ಡ್ರೈವರಳು ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದು ಬಂದಳು.

ವ್ಯಾನು ರಿಪೇರಿಯಾಗಿ ಬಂದ ದಿನ ಗುಂಡಿಯಮ್ಮ ಹೊಸ ತಂತಿ ತಂದಿದ್ದಳು. ಡ್ರೈವರಳು ಡಬ್ಬಿಯನ್ನು ಅವಳ ಕೈಗೇ ವಾಪಸು ಕೊಟ್ಟಳು.

"ಇದನ್ನ ಮನೆಗೆ ತಗೊಂಡು ಹೋಗಿ, ಬಿಸ್ಕತ್ತು ಇಟ್ಕೊಳ್ಳಿ. ನಾಳೆಯಿಂದ ಅರ್ಧ ಗಂಟೆ ಮುಂಚೆ ಹೊರಡೋದು. ಯಾರಾದ್ರೂ ಕಂಬದ ಹತ್ತಿರ ಇಲ್ಲ ಅಂದ್ರೆ ಕಾಯಲ್ಲ. ಗಾಡಿ ನಿಲ್ಲೋ ತನಕ ಯಾರೂ ಏಳೋ ಹಾಗಿಲ್ಲ."

"ಅರ್ಧ ಗಂಟೆ ಅಂದ್ರೆ? ಮನೇಲಿ ಅಡುಗೆ ಯಾರು ಮಾಡ್ತಾರೆ, ನಿಮ್ಮಪ್ಪನಾ?" ಎಂದಳು ದರ್ಜಿ.

"ನಿಮ್ಮೆಜಮಾನ್ರಿಗೆ ಕೈಯಿಲ್ವಾ?"

"ಇದೆ. ತಟ್ಟೆ ಹತ್ತಿರ ಮಾತ್ರ ಹೋಗುತ್ತೆ."

ನಗು ಬಂತು, ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ವಾರದೊಳಗೆ ದರ್ಜಿಯೂ ಇನ್ನು ಮೂವರೂ ಬೇರೊಂದು ವ್ಯಾನು ಹಿಡಿದರು. ಅದರ ಡ್ರೈವರು ಒತ್ತುವವನು. ಬೆಳಿಗ್ಗೆ ಅದು ಹಾರ್ನು ಹೊಡೆದು ಪಕ್ಕದಲ್ಲೇ ಹಾದುಹೋಗುವಾಗ ದರ್ಜಿ ಕಿಟಕಿಯಿಂದ ಕೈ ಬೀಸುತ್ತಿದ್ದಳು. ಡ್ರೈವರಳು ಕೈ ಬೀಸುತ್ತಿರಲಿಲ್ಲ. ಅವಳ ಕಣ್ಣು ದರ್ಜಿಯ ಕೈಯ ಮೇಲಲ್ಲ, ಆ ವ್ಯಾನಿನ ಬಾಗಿಲ ಮೇಲಿರುತ್ತಿತ್ತು. ಅಲ್ಲಿ ದಿನವೂ ಯಾರೋ ಒಬ್ಬರು ಕಂಬಿ ಹಿಡಿದು ನಿಂತಿರುತ್ತಿದ್ದರು.

ಕೈಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ಮೇಲೆ ತಂಗಿ ಇಸ್ತ್ರಿ ಮೇಜಿಗೆ ಹೋದಳು. ಪೆಟ್ಟಿಗೆ ಎತ್ತಿದಳು, ಅದು ಅರ್ಧಕ್ಕೇ ಕೈಯಿಂದ ಜಾರಿತು. ಮೇಲ್ವಿಚಾರಕ ಕೆಟ್ಟವನಲ್ಲ, ಇನ್ನೊಂದು ಸಲ ನೋಡು ಎಂದ. ಇನ್ನೊಂದು ಸಲವೂ ಜಾರಿ ಒಂದು ಅಂಗಿ ಸುಟ್ಟಿತು. ಅವಳನ್ನು ದಾರ ಕತ್ತರಿಸುವ ಮೇಜಿಗೆ ಹಾಕಿದರು.

ಆ ಸಂಜೆ ಎಲ್ಲರೂ ಇಳಿದ ಮೇಲೆ ಅವಳು ಮುಂದಿನ ಸೀಟಿಗೆ ಬಂದು ಕೂತಳು.

"ಬಯ್ಯೇ ನನ್ನನ್ನ" ಎಂದಳು ಅಕ್ಕ. "ಇಷ್ಟು ದಿನ ಆಯ್ತು, ಒಂದು ಮಾತೂ ಅಂದಿಲ್ಲ ನೀನು."

"ಒತ್ತು ಅಂದವಳು ನಾನು. ಒತ್ತಿದವಳು ನೀನು. ಯಾರು ಯಾರನ್ನ ಬಯ್ಯೋದು? ಗಾಡಿ ತೆಗಿ. ಅಮ್ಮ ಕಾಯ್ತಿರ್ತಾಳೆ."

ಡ್ರೈವರಳು ಗಾಡಿ ತೆಗೆದಳು. ರಸ್ತೆ ಖಾಲಿಯಿತ್ತು, ಬೆಳಕೂ ಇತ್ತು, ಆದರೂ ನಿಧಾನವಾಗಿಯೇ ಹೋದಳು. ಆಮೇಲೆ ಆ ವ್ಯಾನಿನಲ್ಲಿ ಯಾರಿಗೂ ಪೆಟ್ಟಾಗಲಿಲ್ಲ, ಯಾರ ಕಾರ್ಡಿನ ಮೇಲೂ ತಡದ ಗುರುತು ಬೀಳಲಿಲ್ಲ. ನಾಲ್ವರು ಬಿಟ್ಟುಹೋದರು. ತಂಗಿಯ ಕೂಲಿ ಅರ್ಧಕ್ಕಿಳಿಯಿತು, ಅವಳ ಬಲಗೈ ಮೊದಲಿನಂತಾಗಲಿಲ್ಲ.