ಹಿಮ್ಮುಖ ನಡಿಗೆಯ ದೋನ್ ಕೊರ್ರಾದೊ

ದೋನ್ ಕೊರ್ರಾದೊ ಜಪ್ಪುಲ್ಲಾ ಅವರನ್ನು ನಮ್ಮ ಓಣಿಯ ಜನ ಗುರುತಿಸುತ್ತಿದ್ದುದು ಬೆನ್ನಿನಿಂದ. ಲೋಕದ ಮನುಷ್ಯರೆಲ್ಲ ಮುಖ ಮುಂದೆ ಮಾಡಿಕೊಂಡು ಬರುತ್ತಾರೆ. ಅವರು ಮಾತ್ರ ಬೆನ್ನು ಮುಂದೆ ಮಾಡಿಕೊಂಡು ಬರುತ್ತಿದ್ದರು. ಮೊದಲು ಕಾಣುವುದು ಜೂನ್ ತಿಂಗಳ ಬಿಸಿಲಿನಲ್ಲೂ ಮೈಬಿಡದ ಆ ಸಾಸಿವೆ ಬಣ್ಣದ ಉಣ್ಣೆಯ ಕೋಟು, ಅದರ ನಡುಬೆನ್ನಿನಲ್ಲಿ ಯಾವುದೋ ಕಾಲದಲ್ಲಿ ಬೇರೆ ಬಣ್ಣದ ದಾರದಿಂದ ಹಾಕಿದ ಹೊಲಿಗೆ, ಹಿಂದಕ್ಕೆ ಚಾಚಿ ಗೋಡೆಯನ್ನು ಸವರುತ್ತ ಬರುವ ಎಡಗೈ. ಅದೆಲ್ಲ ದಾಟಿಹೋದ ಮೇಲೆ, ಅವರ ಮುಖವನ್ನೇ ನೋಡುತ್ತ, ಅವರ ಮಾತಿಗೆ ಕಟ್ಟುಬಿದ್ದವರ ಹಾಗೆ ನಡೆದು ಬರುವ ಇಬ್ಬರೋ ಮೂವರೋ ಪರಸ್ಥಳದ ಅತಿಥಿಗಳು.

“ಅತಿಥಿಗೆ ಬೆನ್ನು ತೋರ್ಸೋನು ಗೈಡಲ್ಲ, ಪೋಸ್ಟ್‌ಮ್ಯಾನ್,” ಎನ್ನುತ್ತಿದ್ದರು. “ಊರನ್ನ ನಾನ್ಯಾಕೆ ನೋಡ್ಲಿ? ಅದು ಇದ್ದಲ್ಲೇ ಇರತ್ತೆ. ನಾನು ನೋಡ್ಬೇಕಾದ್ದು ಅವರ ಮುಖ.” ಆ ನೋಟ ಸುಳ್ಳಾಗುತ್ತಿರಲಿಲ್ಲ. ಯಾರ ಮಂಡಿ ನೋಯುತ್ತಿದೆ, ಯಾವ ಗಂಡಹೆಂಡಿರು ಬೆಳಿಗ್ಗೆ ಹೋಟೆಲಿನಲ್ಲಿ ಜಗಳವಾಡಿ ಬಂದಿದ್ದಾರೆ, ಯಾರಿಗೆ ದೇವಾಲಯಕ್ಕಿಂತ ಶೌಚಾಲಯ ತುರ್ತಾಗಿದೆ ಎಂಬುದನ್ನೆಲ್ಲ ಅವರು ಇಪ್ಪತ್ತು ಹೆಜ್ಜೆಯೊಳಗೆ ಓದಿ ಮುಗಿಸುತ್ತಿದ್ದರು. ಮಾತು ಯಾವಾಗ ನಿಲ್ಲಿಸಬೇಕು ಎಂಬುದನ್ನೂ ಓದಬಲ್ಲವರಾಗಿದ್ದರು, ಆದರೆ ಅದನ್ನು ಪಾಲಿಸುತ್ತಿದ್ದುದು ಅಪರೂಪ.

ಹೀಗೆ ಹಿಮ್ಮುಖವಾಗಿ ನಡೆಯುವವನಿಗೆ ಬೆನ್ನಿನಲ್ಲಿ ಕಣ್ಣಿರಬೇಕಲ್ಲ. ಆ ಕಣ್ಣು ನಾವಾಗಿದ್ದೆವು. ನಮ್ಮ ಒರ್ತಿಜಿಯಾ ಸಿರಾಕೂಸಾ ಪಟ್ಟಣಕ್ಕೆ ಸೇತುವೆಯಿಂದ ಅಂಟಿಕೊಂಡ ಸಣ್ಣ ದ್ವೀಪ, ಅದರ ಓಣಿಗಳಲ್ಲಿ ಇಬ್ಬರು ಎದುರಾದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ದೋನ್ ಕೊರ್ರಾದೊ ಬರುವ ಸದ್ದು ಕೇಳಿದರೆ ನಮ್ಮ ಹಗ್ಗದವರ ಓಣಿಯ ತುಂಬ ಕೂಗು: “ದೋನ್ ಕೊರ್ರಾ, ಹಿಂದೆ ಮೆಟ್ಲು!” “ಸ್ವಲ್ಪ ಎಡಕ್ಕೆ, ನೀರು ಚೆಲ್ಲಿದೆ!” ಮೀನಿನಂಗಡಿಯವನಿಗಂತೂ ಅದೊಂದು ಹಬ್ಬ. “ಬೀಳೋದಾದ್ರೆ ಬೂತಾಯಿ ಬುಟ್ಟಿ ಮೇಲೆ ಬೀಳಿ ಸ್ವಾಮಿ, ಕತ್ತಿಮೀನು ಇವತ್ತು ಬಲು ದುಬಾರಿ!” ದೋನ್ ಕೊರ್ರಾದೊ ತಿರುಗಿಯೂ ನೋಡದೆ, ಹೇಳುತ್ತಿದ್ದ ವಾಕ್ಯವನ್ನು ಕಡಿಯದೆ, ಒಂದು ಹೆಜ್ಜೆ ಎಡಕ್ಕೆ ಸರಿದು ಮುಂದೆ, ಅಂದರೆ ಹಿಂದೆ, ಸಾಗುತ್ತಿದ್ದರು. ನಲವತ್ತು ವರ್ಷದಲ್ಲಿ ಅವರು ಬಿದ್ದದ್ದು ಒಂದೇ ಸಲ, ಅದೂ ನಮ್ಮ ಓಣಿಯಲ್ಲಲ್ಲ.

ಬಸ್ಸಿನಲ್ಲಿ ಬಂದಿಳಿಯುವ ಗುಂಪುಗಳನ್ನು ಅವರು ಮುಟ್ಟುತ್ತಿರಲಿಲ್ಲ. ನಾಲ್ಕು ಜನ, ಹೆಚ್ಚೆಂದರೆ. ಬಾವುಟವಿಲ್ಲ, ಎತ್ತಿ ಹಿಡಿದ ಕೊಡೆಯಿಲ್ಲ. ಎಲ್ಲ ಗೈಡುಗಳೂ ದೊಡ್ಡ ಚರ್ಚಿನಿಂದ ಆರಂಭಿಸಿದರೆ ಇವರು ಮೀನು ಮಾರುಕಟ್ಟೆಯಿಂದ ಆರಂಭಿಸುತ್ತಿದ್ದರು. ಊರಿನ ಪರಿಚಯ ಮೊದಲು ಮೂಗಿಗೆ ಆಗಬೇಕು ಎಂಬುದು ಅವರ ಸಿದ್ಧಾಂತ. ಹತ್ತೂವರೆಗೆ, ಆಕಾಶವೇ ಕಳಚಿ ಬಿದ್ದರೂ, ಬಾದಾಮಿಯ ಗ್ರಾನಿತಾ ಎಂಬ ಮಂಜಿನ ಸಿಹಿ, ಅದರಲ್ಲಿ ಅದ್ದಿ ತಿನ್ನಲು ಬ್ರಿಯೋಶ್ ಬನ್ನು. ಕಾಫಿ ಕೇಳಿದ ಅತಿಥಿಯ ಕಡೆ ಅವರು ನೋಡುತ್ತಿದ್ದ ನೋಟದಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ಕೊನೆಗೆ ಚರ್ಚಿನ ಒಳಗೆ ಕರೆದೊಯ್ದು, ಒಂದಕ್ಷರ ಆಡದೆ, ಅತಿಥಿಯ ಅಂಗೈಯನ್ನು ಹಿಡಿದು ಗೋಡೆಯಲ್ಲಿ ಅರ್ಧ ಹುದುಗಿರುವ ಗ್ರೀಕ್ ದೇಗುಲದ ಕಂಬದ ಮೇಲೆ ಇಡುತ್ತಿದ್ದರು. ಕಲ್ಲಿನ ತಂಪು ಕೈಗೆ ಏರುವಷ್ಟು ಹೊತ್ತು ಕಾದು, ಮೆಲ್ಲಗೆ: “ಎರಡೂವರೆ ಸಾವಿರ ವರ್ಷ. ಬರೆದಿಟ್ಕೊಳ್ಳಿ.”

‘ಬರೆದಿಟ್ಕೊಳ್ಳಿ’ ಎಂಬುದು ಅವರ ಮಾತಿನ ತಾಳ. ಭೂಕಂಪದ ಇಸವಿಗೂ ಅದೇ, ದೇವತೆಯ ಹೆಸರಿಗೂ ಅದೇ, ಕೊನೆಗೆ ಹವಾಮಾನಕ್ಕೂ. ಅವರ ಕೈಯಲ್ಲಿ ಪಳಗಿದ ಅತಿಥಿಗಳ ಜೇಬಿನಲ್ಲಿ ಪುಟ್ಟ ಪುಸ್ತಕ ಇದ್ದೇ ಇರುತ್ತಿತ್ತು. ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಹಾದುಹೋಗುವಾಗಲೂ, “ಇಮ್ಮಾ, ಮಧ್ಯಾಹ್ನ ತೆಂಕಣ ಗಾಳಿ ಬೀಸತ್ತೆ, ಬರೆದಿಟ್ಕೋ,” ಎಂದು ಎಚ್ಚರಿಸುತ್ತಿದ್ದರು. ನಾನು ಜಂಬುಹುಲ್ಲಿನ ದಂಟು ಸೀಳಿ, ನೆನೆಸಿ, ಒತ್ತಿ ಹಳೆಯ ರೀತಿಯ ಕಾಗದ ಮಾಡುವವಳು. ಆ ಗಾಳಿ ಬಂದರೆ ನನ್ನ ಹಾಳೆಗಳು ಹಪ್ಪಳದಂತೆ ಮುದುಡುತ್ತವೆ. ಅವರ ಆ ಒಂದು ಮಾತು ನನ್ನ ಎಷ್ಟೋ ದಿನದ ದುಡಿಮೆಯನ್ನು ಉಳಿಸಿದೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ, ಎದುರಿಗೆ ಎಂದೂ ಒಪ್ಪಿಕೊಳ್ಳಲಿಲ್ಲ.

ನನ್ನ ಅಂಗಡಿಯ ಎದುರಿಗೇ ದೊನ್ನಾ ಪಿನಾ ಅವರ ಮನೆ. ಮದುವೆಯ ಉಡುಪು ಹೊಲಿದು ಹೊಲಿದು ಬೆನ್ನು ಬಾಗಿದ ಹೆಂಗಸು. ಮದುವೆ ತಾನು ಆಗಲಿಲ್ಲ. ಆ ಮನೆಯ ಮೊದಲ ಮಹಡಿಯಲ್ಲಿ, ಅವರ ಬಾಲ್ಕನಿಯ ಪಕ್ಕದಲ್ಲೇ, ಕಲ್ಲು ಕಟ್ಟಿ ಮುಚ್ಚಿದ ಒಂದು ಕಿಟಕಿಯಿದೆ, ಅದರ ನಡುವೆ ಕೈ ತೂರುವಷ್ಟು ದುಂಡನೆಯ ಒಂದು ಕಿಂಡಿ. ಅದರ ಕೆಳಗೆ ನಿಂತು ದೋನ್ ಕೊರ್ರಾದೊ ಒರ್ತೆನ್ಸಿಯಾಳ ಕಥೆ ಹೇಳುತ್ತಿದ್ದರು. ಹವಳ ತೆಗೆಯುವ ಅಂಬಿಗನೊಬ್ಬನನ್ನು ಮೆಚ್ಚಿದ ಹುಡುಗಿ. ಅವಳು ಬಂದರಿನ ಕಡೆ ನೋಡಬಾರದೆಂದು ಕಿಟಕಿಗೆ ಕಲ್ಲು ಕಟ್ಟಿಸಿದ ತಂದೆ. ಮರುಗಿದ ಗಾರೆಯವನು ಗುಟ್ಟಾಗಿ ಬಿಟ್ಟ ಒಂದು ಕಿಂಡಿ. ಸಾಯುವ ತನಕ ಪ್ರತಿದಿನ ಆ ಕಿಂಡಿಯಿಂದ ಹೊರಗೆ ಬಂದು ಸಮುದ್ರದ ಗಾಳಿಯನ್ನು ಮುಟ್ಟುತ್ತಿದ್ದ ಒಂದು ಬಿಳಿಯ ಕೈ. ಕೇಳಿದವರ ಕಣ್ಣು ತುಂಬುತ್ತಿತ್ತು. ಕಥೆಗೆ ಕೈಕಾಲು ಬಂದು ಬೇರೆ ಗೈಡುಗಳ ಬಾಯಿಗೂ ಹೋಯಿತು. ಮದುವೆ ನಿಶ್ಚಯವಾದ ಹುಡುಗಿಯರು, ಆಗದೆ ಹೋದವರೂ, ಏಣಿ ಹಾಕಿಸಿಕೊಂಡು ಕಿಂಡಿಯೊಳಗೆ ಒರ್ತೆನ್ಸಿಯಾಳಿಗೆ ಚೀಟಿ ಹಾಕತೊಡಗಿದರು. ದೊನ್ನಾ ಪಿನಾ ದಿನಾ ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಒಂದು ಬಟ್ಟಲು ನೀರಿಟ್ಟು ಅದರಲ್ಲಿ ಮಲ್ಲಿಗೆ ಹಾಕುತ್ತಿದ್ದರು.

ಸಾವಿರ ಸಲ ಆ ಕಥೆ ಕೇಳಿದ ಮೇಲೆ ನನಗೊಂದು ಸಂಗತಿ ಹೊಳೆಯಿತು: ಈ ಕಥೆಯಲ್ಲಿ ಮಾತ್ರ ಅವರು ಒಂದೇ ಒಂದು ಸಲವೂ ‘ಬರೆದಿಟ್ಕೊಳ್ಳಿ’ ಎನ್ನುತ್ತಿರಲಿಲ್ಲ.

ಒಂದು ಚಳಿಗಾಲದ ಮಧ್ಯಾಹ್ನ, ಅತಿಥಿಗಳಿಲ್ಲದ ದಿನ, ನಾನದನ್ನು ಕೇಳಿಯೇಬಿಟ್ಟೆ. ಅವರು ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಬಹಳ ಹೊತ್ತು ಒರೆಸಿದರು. “ನಂಗೆ ಕಲಿಸಿದ ಮೇಷ್ಟ್ರು ಮೊದಲನೇ ದಿನಾನೇ ಹೇಳಿದ್ರು ಇಮ್ಮಾ. ಗೈಡಾದವನು ‘ಗೊತ್ತಿಲ್ಲ’ ಅನ್ನಬಾರದು. ಅಂದ ದಿನ ಅವನ ಅನ್ನ ಹೋಯ್ತು ಅಂತ. ನನ್ನ ಮೊದಲ ಅತಿಥಿ ಜರ್ಮನಿಯ ಒಬ್ಬ ಟೀಚರ್. ಗುಡ್ರುನ್ ಅಂತ ಹೆಸರು. ಎಲ್ಲಾ ಸರಿಯಾಗಿ ಹೇಳ್ಕೊಂಡು ಬಂದೆ. ಇಲ್ಲಿ ನಿಂತು, ಆ ಕಿಟಕಿ ಯಾಕೆ ಮುಚ್ಚಿದಾರೆ ಅಂದ್ಲು.”

“ಆಮೇಲೆ?”

“ಆಮೇಲೇನು. ಬಾಯಿಗೆ ಬಂದಿದ್ದು ನನ್ನ ಅಜ್ಜಿ ಹೆಸರು, ಒರ್ತೆನ್ಸಿಯಾ.”

ನಾನು ನಕ್ಕೆ. ಅವರು ನಗಲಿಲ್ಲ. ಆ ಕಥೆಯನ್ನು ಬಿಟ್ಟುಬಿಡಲು ಎರಡು ಬಾರಿ ಪ್ರಯತ್ನಿಸಿದ್ದರಂತೆ. ಎರಡು ಬಾರಿಯೂ ಅತಿಥಿಗಳೇ ಕೇಳಿ ಹೇಳಿಸಿಕೊಂಡರಂತೆ. ಜೊತೆಗೆ ಆ ಮಲ್ಲಿಗೆಯ ಬಟ್ಟಲು. ತನ್ನ ಮನೆಯಲ್ಲಿ ಅಂಥ ಒಬ್ಬಳು ಬಾಳಿದ್ದಳೆಂದು ನಂಬಿ ಹೂವಿಡುವ ಆ ಒಂಟಿ ಮುದುಕಿಗೆ ಯಾವ ಬಾಯಿಯಿಂದ ಹೇಳುವುದು? ಅವರಿಗೆ ಹಿಂಸೆಯಾಗುತ್ತಿದ್ದುದು ನಿಜ. ಆದರೆ ಹಿಂಸೆಗೂ ಮನುಷ್ಯ ಒಗ್ಗಿಕೊಳ್ಳುತ್ತಾನೆ, ಇನ್ನೊಂದೆರಡು ವರ್ಷ ಕಳೆದು ನಿವೃತ್ತಿಯಾಗಿದ್ದರೆ ಈ ಗುಟ್ಟು ಅವರ ಜೊತೆಗೇ ಹೋಗುತ್ತಿತ್ತೇನೋ.

ಹಾಗಾಗಲಿಲ್ಲ. ಮರುವರ್ಷದ ವಸಂತದಲ್ಲಿ ಸುದ್ದಿ ಬಂತು: ಆ ಕಿಟಕಿಯ ಕೆಳಗೆ ಒರ್ತೆನ್ಸಿಯಾಳ ಹೆಸರಿನಲ್ಲಿ ಅಮೃತಶಿಲೆಯ ಫಲಕವೊಂದನ್ನು ಕೂರಿಸಲಾಗುವುದು, ಖರ್ಚು ಕೊಡುವವರು ಜರ್ಮನಿಯ ನಿವೃತ್ತ ಶಿಕ್ಷಕಿ ಫ್ರೌ ಗುಡ್ರುನ್. ನಲವತ್ತು ವರ್ಷದ ಹಿಂದೆ ಕೇಳಿದ ಕಥೆಯನ್ನು ಆಕೆ ಮರೆತಿರಲಿಲ್ಲ. ಫಲಕಕ್ಕೆ ಮುಂಚೆ ಅದೇ ಗೈಡಿನ ಜೊತೆ, ಒಬ್ಬರೇ, ಇನ್ನೊಮ್ಮೆ ಊರು ನೋಡಬೇಕೆಂದು ಬರೆದಿದ್ದರು.

ದೋನ್ ಕೊರ್ರಾದೊ ಆ ವಾರವಿಡೀ ನನ್ನ ಅಂಗಡಿಗೆ ಬಂದು ಕೂತರು. “ಬಾಯಲ್ಲಿ ಆಡಿದ್ದು ಗಾಳೀಲಿ ಹೋಗತ್ತೆ ಇಮ್ಮಾ. ಕಲ್ಲಲ್ಲಿ ಕೆತ್ತಿದ್ದು ಹೋಗತ್ತಾ? ನಾನು ಜೀವಮಾನ ಪೂರ್ತಿ ಜನರ ಕೈನ ಕಲ್ಲಿನ ಮೇಲೆ ಇಟ್ಟು, ಇದನ್ನ ನಂಬಿ ಅಂದೋನು.” ಫಲಕ ಏರುವ ಮುನ್ನ ಹೇಳಬೇಕು; ಹೇಳಿದರೆ ಬಟ್ಟಲಿನ ಹೂವೂ ಹೋಗುತ್ತದೆ, ತನ್ನ ಹೆಸರೂ ಹೋಗುತ್ತದೆ. ಯಾವುದರ ಭಯ ದೊಡ್ಡದೆಂದು ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ಫ್ರೌ ಗುಡ್ರುನ್‌ಗೆ ಊರು ತೋರಿಸುವ ಬೆಳಿಗ್ಗೆ ಅವರು ಓಣಿಗೆ ಬಂದಾಗ ಯಾರೂ ಕೂಗಲಿಲ್ಲ, ಏಕೆಂದರೆ ಯಾರಿಗೂ ಅವರ ಗುರುತೇ ಸಿಗಲಿಲ್ಲ. ಅವರು ಮುಖ ಮುಂದೆ ಮಾಡಿಕೊಂಡು ನಡೆದು ಬರುತ್ತಿದ್ದರು. ಹಿಂದೆ ಕೋಲೂರಿಕೊಂಡು ಫ್ರೌ ಗುಡ್ರುನ್, ಕೈಯಲ್ಲಿ ಹಳೆಯ ನೀಲಿ ನೋಟುಪುಸ್ತಕ. “ಮೈ ಹುಷಾರಿಲ್ವಾ ಇವರಿಗೆ?” ಎಂದ ಮೀನಿನವನು, ನನ್ನನ್ನು ನೋಡಿ, ಮೆಲ್ಲಗೆ.

ಕಿಟಕಿಯ ಕೆಳಗೆ ನಿಂತು ಫ್ರೌ ಗುಡ್ರುನ್ ಪುಸ್ತಕ ಬಿಚ್ಚಿ, ಇಪ್ಪತ್ತೈದರ ಹರೆಯದಲ್ಲಿ ಬರೆದ ಅಕ್ಷರಗಳನ್ನು ಓದತೊಡಗಿದರು. ದೋನ್ ಕೊರ್ರಾದೊ ಕೈಯೆತ್ತಿ ತಡೆದರು.

“ಅದನ್ನ ಬರೆದಿಟ್ಕೊಳ್ಳಿ ಅಂತ ನಾನು ಹೇಳ್ಲಿಲ್ಲ ಮೇಡಂ.”

“ಹೌದು, ನಾನೇ ಬರ್ಕೊಂಡೆ.”

“ಅದು ನಾನು ಕಟ್ಟಿದ ಕಥೆ. ಒರ್ತೆನ್ಸಿಯಾ ಅನ್ನೋಳು ಇರ್ಲಿಲ್ಲ.”

ಫ್ರೌ ಗುಡ್ರುನ್ ಪುಸ್ತಕವನ್ನು ನೋಡಿದರು, ಕಿಂಡಿಯನ್ನು ನೋಡಿದರು. ಶಿಕ್ಷಕಿಯಲ್ಲವೇ, ಕೊನೆಗೆ ಕೇಳಿದ್ದು ಅಂದಿನ ಪ್ರಶ್ನೆಯನ್ನೇ: “ಹಾಗಾದ್ರೆ ಈ ಕಿಟಕಿ ಯಾಕೆ ಮುಚ್ಚಿದಾರೆ?”

ದೋನ್ ಕೊರ್ರಾದೊ ಕನ್ನಡಕ ತೆಗೆದರು, ಒರೆಸಲಿಲ್ಲ. “ನಂಗೆ ಗೊತ್ತಿಲ್ಲ,” ಎಂದರು. ಆ ಎರಡು ಮಾತಿಗೆ ನಲವತ್ತು ವರ್ಷ ಹಿಡಿದಿತ್ತು.

“ನಂಗೊತ್ತು!” ಎಂದು ಮೇಲಿನಿಂದ ಧ್ವನಿ ಬಂತು. ದೊನ್ನಾ ಪಿನಾ ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದರು. “ಯುದ್ಧ ಮುಗಿದ ಮೇಲೆ ನಮ್ಮಪ್ಪ ಮುಚ್ಚಿಸಿದ್ದು. ಅಲ್ಲಿ ಅಡಿಗೆಮನೆ ಮಾಡಿದ್ರು. ಆ ಕಿಂಡಿ ಒಲೆ ಹೊಗೆ ಕೊಳವೆಗೆ ಅಂತ ಬಿಟ್ಟಿದ್ದು.”

ಮೊದಲು ನಕ್ಕವನು ಮೀನಿನವನು. ಆಮೇಲೆ ಓಣಿಯೇ ನಕ್ಕಿತು. ದೋನ್ ಕೊರ್ರಾದೊ ಒಬ್ಬರೇ ನಗದೆ, ತಲೆಯೆತ್ತಿ, “ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ದೊನ್ನಾ ಪಿನಾ?” ಎಂದರು.

“ನೀನು ಕೇಳಿದ್ಯೇನೋ? ನಲವತ್ತು ವರ್ಷ ನನ್ನ ಮನೆ ಕೆಳಗೆ ನಿಂತು ನನ್ನ ಮನೆ ಕಥೆ ಊರಿಗೆಲ್ಲಾ ಹೇಳ್ದೆ. ಒಂದು ದಿನ ಕತ್ತೆತ್ತಿ, ‘ಅಮ್ಮಾ, ಇದು ಯಾಕೆ ಹೀಗಿದೆ’ ಅಂತ ನನ್ನನ್ನ ಕೇಳಿದ್ಯಾ? ಎಲ್ಲರ ಮುಖಾನೂ ಓದ್ತೀಯಂತೆ. ನನ್ನ ಮುಖ ನೋಡಿದ್ದು ಯಾವಾಗ?”

ನಗು ಥಟ್ಟನೆ ನಿಂತಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ನಮಗೆಲ್ಲರಿಗೂ ತಾಗುವಂಥದೇ. ಎದುರು ಅಂಗಡಿಯಲ್ಲೇ ಇದ್ದ ನಾನು ಕೂಡ ಆ ಪ್ರಶ್ನೆಯನ್ನು ದೊನ್ನಾ ಪಿನಾ ಅವರನ್ನು ಎಂದೂ ಕೇಳಿರಲಿಲ್ಲ; ಗೈಡು ಹೇಳಿದ್ದನ್ನೇ ನಂಬಿದ್ದೆ, ಆಮೇಲೆ ಗೈಡು ಒಪ್ಪಿಕೊಂಡದ್ದನ್ನೂ ನಂಬಿದೆ. ಆ ಕ್ಷಣ ನನಗೆ ನಾಚಿಕೆಯಾಯಿತು.

ದೊನ್ನಾ ಪಿನಾ ಒಳಗೆ ಹೋಗಿ, ತರಕಾರಿ ಎಳೆದುಕೊಳ್ಳುವ ಹಗ್ಗದ ಬುಟ್ಟಿಯನ್ನು ಕೆಳಗಿಳಿಸಿದರು. ಅದರ ತುಂಬ ಚೀಟಿಗಳು. ಇಷ್ಟು ವರ್ಷ ಹುಡುಗಿಯರು ಕಿಂಡಿಗೆ ಹಾಕಿದ್ದೆಲ್ಲ ಅವರ ಹಳೆಯ ಒಲೆಯ ಮೇಲೆ ಬಂದು ಬೀಳುತ್ತಿತ್ತಂತೆ. “ಮದುವೆ ಬಟ್ಟೆ ಅಳತೆ ಕೊಡೋವಾಗ ಯಾವ ಹುಡುಗೀನೂ ಬಾಯಿ ಬಿಡ್ತಿರ್ಲಿಲ್ಲ. ಇದರಲ್ಲಿ ಎಲ್ಲಾ ಬರೆದಿದಾರೆ. ಹೊಗೆ ಗೂಡಿಗೆ ಬರೆದ್ರಿ ಅಂತ ಈ ಹುಡುಗೀರಿಗೆ ಹೇಳಕ್ಕಾಗತ್ತೇನೋ? ಮಲ್ಲಿಗೆ ಇಡ್ತಿದ್ದದ್ದು ಇವರಿಗೆ. ನಿನ್ನ ಅಜ್ಜಿಗಲ್ಲ.”

ಅಜ್ಜಿಯ ಹೆಸರು ಆಕೆಗೆ ಹೇಗೆ ಗೊತ್ತಾಯಿತೆಂದು ನಾವು ಕೇಳಲಿಲ್ಲ. ಆ ಅಜ್ಜಿಯ ಕೊನೆಯ ಉಡುಪನ್ನು ಹೊಲಿದದ್ದು ದೊನ್ನಾ ಪಿನಾ ಎಂದು ಆಮೇಲೆ ತಿಳಿಯಿತು.

ಫಲಕ ಏರಲಿಲ್ಲ. ಫ್ರೌ ಗುಡ್ರುನ್ ನೋಟುಪುಸ್ತಕದ ಆ ಪುಟವನ್ನು ಹರಿಯಲೂ ಇಲ್ಲ, ಹೊಡೆದುಹಾಕಲೂ ಇಲ್ಲ. ಅದರ ಕೆಳಗೆ ಇನ್ನೆರಡು ಸಾಲು ಬರೆದು, ಮೇಲೆ ಹೋಗಿ ದೊನ್ನಾ ಪಿನಾ ಅವರ ಜೊತೆ ಗ್ರಾನಿತಾ ತಿಂದರು. ದೋನ್ ಕೊರ್ರಾದೊ ಬಾಗಿಲಲ್ಲಿ ನಿಂತೇ ಇದ್ದುದನ್ನು ಕಂಡು ಮುದುಕಿ, “ಒಳಗೆ ಬಾ, ಈ ಮನೆ ಒಳಗಡೆ ನೀನು ನೋಡೇ ಇಲ್ಲ,” ಎಂದು ಗದರಿದರು.

ಅನಂತರದ ಎರಡು ವರ್ಷ ಅವರು ಮೊದಲಿನಂತೆಯೇ ಹಿಂದೆ ಹಿಂದೆ ನಡೆದರು, ನಾವು ಮೊದಲಿನಂತೆಯೇ ಕೂಗಿದೆವು. ಕಿಟಕಿಯ ಕೆಳಗೆ ಬಂದಾಗ ಮಾತ್ರ ನಿಂತು, ಅತಿಥಿಗಳತ್ತ ಇದ್ದ ಮುಖವನ್ನು ಮೇಲಕ್ಕೆ ತಿರುಗಿಸಿ, “ದೊನ್ನಾ ಪಿನಾ, ಇವರು ಕೇಳ್ತಿದಾರೆ,” ಎನ್ನುತ್ತಿದ್ದರು. ಆಕೆ ಮನಸ್ಸು ಬಂದ ದಿನ ಹೊಗೆ ಕೊಳವೆಯ ಸತ್ಯ ಹೇಳುತ್ತಿದ್ದರು. ಮನಸ್ಸು ಬಾರದ ದಿನ ಒರ್ತೆನ್ಸಿಯಾಳ ಕಥೆಯನ್ನೇ, ದೋನ್ ಕೊರ್ರಾದೊ ಹೇಳಿದ್ದಕ್ಕಿಂತ ಚೆನ್ನಾಗಿ, ಹೊಸ ತಂಗಿಯೊಬ್ಬಳನ್ನೂ ಸೇರಿಸಿ ಹೇಳುತ್ತಿದ್ದರು. ದೊನ್ನಾ ಪಿನಾ ತೀರಿಕೊಂಡ ಮೇಲೆ ಬಾಲ್ಕನಿ ಬರಿದಾಯಿತು. ಆಮೇಲೊಂದು ದಿನ ಅತಿಥಿಯೊಬ್ಬರು ಬಟ್ಟಲನ್ನು ತೋರಿಸಿ, ಈಗ ಅದರಲ್ಲಿ ಹೂವಿಡುವವರು ಯಾರು ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಏಣಿ ಹಾಕಿಕೊಂಡು ಇಡುತ್ತಿದ್ದವರು ದೋನ್ ಕೊರ್ರಾದೊ ಅವರೇ.

ಊರನ್ನು ತೋರಿಸಿ ಬದುಕುವವರು ಒಂದು ವಿಚಿತ್ರ ಕುಲ. ಊರಿನ ಪ್ರತಿ ಕಲ್ಲೂ ಅವರಿಗೆ ಗೊತ್ತಿರಬೇಕು, ಇಲ್ಲವೆಂದರೆ ನಾವೇ ಕ್ಷಮಿಸುವುದಿಲ್ಲ. ಗೊತ್ತಿಲ್ಲದ ಕಡೆ ಅವರು ಏನಾದರೂ ಕಟ್ಟಿ ನಿಲ್ಲಿಸಲಿ ಎಂದು ಕಾಯುವವರೂ ನಾವೇ. ಸತ್ತವರ ಬಗ್ಗೆ ಅವರಿಗಿರುವ ಜ್ಞಾನ ಅಪಾರ, ಬದುಕಿರುವವರು ಅವರ ತಲೆಯ ಮೇಲಿನ ಬಾಲ್ಕನಿಯಲ್ಲೇ ನಿಂತು ಹೂವಿಗೆ ನೀರು ಹಾಕುತ್ತಿರುತ್ತಾರೆ. ಇಂಥವರಲ್ಲಿ ಬಹಳ ಮಂದಿ ತಿಳಿದದ್ದನ್ನು ಹೇಳುತ್ತ ಮುದುಕರಾಗುತ್ತಾರೆ. ಕೆಲವರಿಗೆ ಮಾತ್ರ, ಅದೂ ತಡವಾಗಿ, ಕೇಳುವ ಭಾಗ್ಯ ಒದಗುತ್ತದೆ. ಬಟ್ಟಲಿನ ಬಗ್ಗೆ ಕೇಳಿದ ಆ ಅತಿಥಿಗೆ ದೋನ್ ಕೊರ್ರಾದೊ ಕೊಟ್ಟ ಉತ್ತರವೂ ಆ ಕುಲದವರು ಸುಲಭವಾಗಿ ಕೊಡುವಂಥದಲ್ಲ. “ನಂಗೆ ಗೊತ್ತಿಲ್ಲ,” ಎಂದರು ಅವರು, ಕೋಟಿನ ತೋಳಿಗೆ ಅಂಟಿದ್ದ ಮಲ್ಲಿಗೆಯ ಎಸಳನ್ನು ಮೆಲ್ಲಗೆ ಕೊಡವಿ. “ಗೊತ್ತಿದ್ದೋರು ಮೇಲಿದ್ರು. ಅವರನ್ನ ನಾನು ಬಹಳ ತಡವಾಗಿ ಕೇಳ್ದೆ. ಇದನ್ನ ಬರೆದಿಟ್ಕೊಳ್ಳಿ.”